ಸಾಕ್ಸಿನ ಪಟ್ಟೆ, ಮೊದಲನೇ ಪೀರಿಯಡ್ಡು



ಮೇ ತಿಂಗಳ ಕೊನೆಯ ವಾರ ಬಂತು. ಬೆಂಗಳೂರಿನ ಜಯನಗರ ನಾಲ್ಕನೇ ಬ್ಲಾಕಿನ ಕಡೆ ಹೋದವರಿಗೆ ಶಾಲೆ ಶುರುವಾಗುತ್ತಿದೆ ಎಂದು ಬೇರೆ ಯಾರೂ ಹೇಳಬೇಕಾಗಿಲ್ಲ. ಯೂನಿಫಾರಂ ಅಂಗಡಿಗಳ ಮುಂದೆ ಅಪ್ಪ ಅಮ್ಮಂದಿರ ಗುಂಪು. ಶೂ ಅಂಗಡಿಗಳಲ್ಲಿ ಒಂದೇ ಕಾಲಿಗೆ ಕರಿ ಶೂ ಹಾಕಿಕೊಂಡು ಕುಂಟುತ್ತ ಓಡಾಡುವ ಮಕ್ಕಳು. "ಅಣ್ಣಾ, ಇನ್ನೊಂದು ಸೈಜು ದೊಡ್ಡದು ಕೊಡಿ, ಎರಡು ವರ್ಷ ಬರಲಿ" ಎಂದು ತಾಯಿ ಕೇಳುತ್ತಾರೆ. "ದೊಗಲೆ ಆಯ್ತು ಅಂತ ಮಿಸ್ಸು ಬೈದರೆ ಆಮೇಲೆ ನಾನು ವಾಪಸ್ ತಗೊಳ್ಳಲ್ಲ ಅಕ್ಕಾ" ಎಂದು ಅಂಗಡಿಯವರು ಮೊದಲೇ ಹೇಳಿಬಿಡುತ್ತಾರೆ. ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಲೇಔಟ್ ಎಲ್ಲ ಕಡೆಯೂ ಈ ವಾರದ ಸಂಭಾಷಣೆ ಇದೇ.

ತಾಯಿಯ ಕೈಯಲ್ಲಿರುವ ಪಟ್ಟಿಯನ್ನು ಒಮ್ಮೆ ನೋಡಬೇಕು. ದಿನಬಳಕೆಗೆ ಎರಡು ಜೊತೆ. ವಾರಕ್ಕೊಂದು ದಿನಕ್ಕೆ ಬಿಳಿ ಪಿಟಿ ಡ್ರೆಸ್ಸು, ಅದರ ಜೊತೆಗೆ ಬಿಳಿ ಕ್ಯಾನ್‌ವಾಸ್ ಶೂ. ಕೆಂಪೋ ಹಳದಿಯೋ ಹಸಿರೋ, ಮಗು ಯಾವ ಹೌಸಿಗೆ ಬಿದ್ದಿದೆಯೋ ಆ ಬಣ್ಣದ ಟೀ ಶರ್ಟು. ಟೈ, ಬೆಲ್ಟು, ಶಾಲೆಯ ಗುರುತಿರುವ ಸ್ವೆಟರು. ಕೊನೆಯಲ್ಲಿ ಸಾಕ್ಸು, ಅದರ ಮೇಲಂಚಿಗೆ ಎರಡು ಪಟ್ಟೆ. ಆ ಪಟ್ಟೆ ಇಲ್ಲದಿದ್ದರೆ ಸಾಕ್ಸನ್ನು ಯಾವ ಅಂಗಡಿಯಲ್ಲಾದರೂ ತರಬಹುದಿತ್ತು. ಪಟ್ಟೆ ಇದ್ದರೆ ಒಂದೇ ಅಂಗಡಿ. ಸೋಮವಾರ ಬೆಳಿಗ್ಗೆ ಪಟ್ಟೆಯಿಲ್ಲದ ಸಾಕ್ಸು ಹಾಕಿಕೊಂಡು ಬಂದ ಮಗು ಪ್ರಾರ್ಥನೆಯ ಸಾಲಿನಿಂದ ಪಕ್ಕಕ್ಕೆ ಬರಬೇಕು, ಡೈರಿಯಲ್ಲಿ ಬರೆಸಿಕೊಳ್ಳಬೇಕು, ಕೆಲವು ಕಡೆ ಮೊದಲನೇ ಪೀರಿಯಡ್ಡು ಮುಗಿಯುವವರೆಗೂ ಹೊರಗೆ ನಿಲ್ಲಬೇಕು.

ಯೂನಿಫಾರಂ ಬೇಡವೆಂದು ವಾದಿಸಲು ನಾನು ಬಂದಿಲ್ಲ. ಶಾಲೆ ಎಂದಮೇಲೆ ಒಂದು ಉಡುಪು, ಒಂದು ಕಟ್ಟುಪಾಡು ಇರಲಿ. ಆದರೆ ಬಟ್ಟೆಯ ತಪ್ಪಿಗೆ ಪಾಠದ ದಂಡ ಕೂಡದು. ಇವತ್ತು ನಿಮ್ಮ ಮುಂದೆ ಇಡಬೇಕೆಂದಿರುವುದು ಇದೊಂದೇ ಮಾತು.

ಯೂನಿಫಾರಂ ಎಂದರೆ ಶ್ರೀಮಂತರ ಕಾನ್ವೆಂಟಿನಿಂದ ಇಳಿದು ಬಂದದ್ದು ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಅದರ ಹುಟ್ಟು ಬೇರೆಯೇ. ಲಂಡನ್ನಿನಲ್ಲಿ 1552ರಲ್ಲಿ ಬಡಮಕ್ಕಳಿಗೆಂದು ತೆರೆದ ಕ್ರೈಸ್ಟ್ಸ್ ಹಾಸ್ಪಿಟಲ್ ಎಂಬ ಶಾಲೆಯಲ್ಲಿ ಮಕ್ಕಳಿಗೆ ಉದ್ದನೆಯ ನೀಲಿ ಕೋಟು, ಹಳದಿ ಕಾಲುಚೀಲ ಕೊಟ್ಟರು. ಆ ಶಾಲೆ ಈಗಲೂ ಇದೆ, ಕೋಟೂ ಹೆಚ್ಚುಕಡಿಮೆ ಹಾಗೆಯೇ ಇದೆ. ಗಮನಿಸಬೇಕಾದದ್ದು, ಬಟ್ಟೆಯನ್ನು ಶಾಲೆಯೇ ಕೊಟ್ಟಿತು. ಕೊಡುವವರು ಹೇಳುವ ನಿಯಮಕ್ಕೂ ಕೊಳ್ಳಿಸುವವರು ಹೇಳುವ ನಿಯಮಕ್ಕೂ ವ್ಯತ್ಯಾಸವಿದೆ.

ನಮ್ಮ ದಕ್ಷಿಣ ಬೆಂಗಳೂರಿನಲ್ಲಿ ಉಡುಪು, ಶಿಸ್ತು ಎಂದ ಕೂಡಲೇ ಹಳಬರಿಗೆ ನೆನಪಾಗುವವರು ಡಾಕ್ಟರ್ ಎಚ್. ನರಸಿಂಹಯ್ಯನವರು. 1920ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದವರು. ಹೈಸ್ಕೂಲು ಓದಬೇಕೆಂದು ಊರಿನಿಂದ ಬೆಂಗಳೂರಿಗೆ ನಡೆದುಕೊಂಡೇ ಬಂದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಸೇರಿದ ಹುಡುಗ. 1936ರಲ್ಲಿ ಗಾಂಧೀಜಿ ಆ ಶಾಲೆಗೆ ಬಂದಾಗ ಅವರ ಹಿಂದಿ ಮಾತನ್ನು ಕನ್ನಡದಲ್ಲಿ ಹೇಳಿದ್ದು ಈ ವಿದ್ಯಾರ್ಥಿಯೇ. ಮುಂದೆ ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಿಂದ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟು, ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರ ಹುದ್ದೆ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಸ್ಥಾನ, ಪದ್ಮಭೂಷಣ ಎಲ್ಲವೂ ಬಂದವು. ಖಾದಿ ಪಂಚೆ ಜುಬ್ಬ ಮಾತ್ರ ಬದಲಾಗಲಿಲ್ಲ. ಮದುವೆಯಾಗದೆ, ಕಾಲೇಜಿನ ಹಾಸ್ಟೆಲ್ಲಿನ ಕೋಣೆಯಲ್ಲೇ ಬದುಕು ಕಳೆದು 2005ರಲ್ಲಿ ತೀರಿಕೊಂಡರು. ಉಡುಪಿನ ಕಟ್ಟುನಿಟ್ಟನ್ನು ತಮಗೆ ತಾವೇ ಹಾಕಿಕೊಂಡವರು ಅವರು. ನಡೆದು ಬಂದ ಆ ಹುಡುಗನಿಗೆ ಇವತ್ತಿನ ಪಟ್ಟಿಯನ್ನು ಕೊಟ್ಟು, ಇಷ್ಟೂ ಇದ್ದರೆ ಮಾತ್ರ ಒಳಗೆ ಬಾ ಎಂದಿದ್ದರೆ? ಬೆಂಗಳೂರಿಗೆ ಒಬ್ಬ ನರಸಿಂಹಯ್ಯ ಸಿಗುತ್ತಿರಲಿಲ್ಲ.

ಈಗ ಕಾನೂನಿಗೆ ಬರೋಣ. ಇದು ಬಹಳ ಜನ ತಂದೆತಾಯಿಗಳಿಗೆ ಗೊತ್ತೇ ಇಲ್ಲದ ಸಂಗತಿ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಕರ್ನಾಟಕ ಶಿಕ್ಷಣ ಕಾಯ್ದೆ 1983ರದು, ಜಾರಿಗೆ ಬಂದದ್ದು 1995ರಲ್ಲಿ. ಅದರಡಿ ಆ ವರ್ಷ ಮಾಡಿದ ನಿಯಮಾವಳಿಯ 11ನೇ ನಿಯಮ ಸಮವಸ್ತ್ರದ ಬಗ್ಗೆಯೇ ಇದೆ. ಮಾನ್ಯತೆ ಪಡೆದ ಶಾಲೆ ತನ್ನ ಸಮವಸ್ತ್ರವನ್ನು ತಾನೇ ಗೊತ್ತುಮಾಡಿಕೊಳ್ಳಬಹುದು. ಒಮ್ಮೆ ಗೊತ್ತುಮಾಡಿದ ಮೇಲೆ 5 ವರ್ಷ ಬದಲಾಯಿಸುವ ಹಾಗಿಲ್ಲ. ಬದಲಾಯಿಸುವುದಾದರೆ ಕನಿಷ್ಠ 1 ವರ್ಷ ಮುಂಚೆ ಪೋಷಕರಿಗೆ ತಿಳಿಸಬೇಕು. ಬಟ್ಟೆಯನ್ನು ಶಾಲೆಯಲ್ಲೇ ಕೊಳ್ಳಬೇಕು, ಶಾಲೆ ಹೇಳಿದ ಅಂಗಡಿಯಲ್ಲೇ ಕೊಳ್ಳಬೇಕು, ಶಾಲೆ ಹೇಳಿದ ದರ್ಜಿಯ ಹತ್ತಿರವೇ ಹೊಲಿಸಬೇಕು ಎಂಬ ಬಲವಂತ ಕೂಡದು, ಅದು ಪೋಷಕರ ಇಷ್ಟ. ಸಿಬಿಎಸ್‌ಇ ಶಾಲೆಗಳ ಕತೆ ಬೇರೆಯಲ್ಲವೇ ಎಂದು ನೀವು ಕೇಳಬಹುದು. ಯೂನಿಫಾರಂ, ಪುಸ್ತಕಗಳ ಮಾರಾಟದಿಂದ ದೂರವಿರಿ ಎಂದು ಸಿಬಿಎಸ್‌ಇ ಮಂಡಳಿಯೂ ತನ್ನ ಶಾಲೆಗಳಿಗೆ 2017ರಲ್ಲಿ ಹೇಳಿತ್ತು.

ಹೀಗಿದ್ದೂ ಸಾಕ್ಸಿಗೆ ಪಟ್ಟೆ ಬರುತ್ತದೆ. ಬಲವಂತ ಇಲ್ಲ ಎಂದು ಬಾಯಲ್ಲಿ ಹೇಳಿ, ಬೇರೆಲ್ಲೂ ಸಿಗದ ಪಟ್ಟೆ ಹಾಕಿಸಿದರೆ ಆಯಿತು, ಬಲವಂತಕ್ಕೆ ಬೇರೆ ಸುತ್ತೋಲೆಯ ಅಗತ್ಯವಿಲ್ಲ. ಈ ಜಾಣತನ ನಮ್ಮ ಊರಿಗೆ ಮಾತ್ರ ಸೇರಿದ್ದಲ್ಲ. ಇಂಗ್ಲೆಂಡಿನಲ್ಲೂ ಶಾಲೆಯ ಗುರುತು ಹಾಕಿದ ಬಟ್ಟೆಗಳ ಖರ್ಚು ತಾಳಲಾರದೆ ಪೋಷಕರು ದೂರಿಕೊಂಡ ಮೇಲೆ 2021ರಲ್ಲಿ ಅದಕ್ಕೆಂದೇ ಒಂದು ಕಾಯ್ದೆ ಮಾಡಿದರು. ಗುರುತಿನ ಬಟ್ಟೆ ಆದಷ್ಟು ಕಡಿಮೆ ಇರಲಿ, ಖರ್ಚು ಪೋಷಕರ ಕೈಗೆ ಎಟಕುವಂತಿರಲಿ ಎಂಬುದು ಅದರ ತಿರುಳು.

ಸರ್ಕಾರಿ ಶಾಲೆಯ ಕಷ್ಟ ಇದಕ್ಕೆ ಪೂರ್ತಿ ತದ್ವಿರುದ್ಧ. ಬಿಟಿಎಂ, ಜೆ.ಪಿ. ನಗರಗಳಲ್ಲಿ ಏಳುತ್ತಿರುವ ಅಪಾರ್ಟ್‌ಮೆಂಟುಗಳ ಪಕ್ಕದ ಶೆಡ್ಡುಗಳಲ್ಲಿ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬಂದ ಕೂಲಿಕಾರರ ಮಕ್ಕಳಿದ್ದಾರೆ. ಆ ಮಗುವಿಗೆ ಹೊಸ ಬಟ್ಟೆ ಎಂದರೆ ಸರ್ಕಾರದ ವಿದ್ಯಾವಿಕಾಸ ಯೋಜನೆಯಡಿ ಬರುವ ಉಚಿತ ಸಮವಸ್ತ್ರ. ಅದು ಜೂನಿನಲ್ಲಿ ಬಂದರೆ ಹಬ್ಬ, ಬಾರದಿದ್ದರೆ ಹಳೆಯದರಲ್ಲೇ ಕಾಲ ತಳ್ಳಬೇಕು. ಕೊಪ್ಪಳ ಜಿಲ್ಲೆಯ ಒಬ್ಬ ವಿದ್ಯಾರ್ಥಿಯ ಪರವಾಗಿ ಅರ್ಜಿ ಹೈಕೋರ್ಟಿಗೆ ಹೋದ ಮೇಲೆ, 2019ರಲ್ಲಿ ನ್ಯಾಯಾಲಯ ಸರ್ಕಾರಿ ಶಾಲೆಯ ಮಕ್ಕಳಿಗೆ ಎರಡನೇ ಜೊತೆಯನ್ನೂ ಕೊಡಬೇಕೆಂದು ಆದೇಶಿಸಿತು. ಒಂದೇ ಜೊತೆ ಇದ್ದವರು ಮಳೆಗಾಲದಲ್ಲಿ ಏನು ಮಾಡಬೇಕು? ರಾತ್ರಿ ಒಗೆದು ಬೆಳಿಗ್ಗೆ ಹಸಿಯಾಗಿಯೇ ಹಾಕಿಕೊಳ್ಳಬೇಕು. ಆದೇಶ ಬಂದು ಮೂರು ವರ್ಷ ಕಳೆದರೂ ಜಾರಿಯಾಗಲಿಲ್ಲವೆಂದು ವಿಷಯ ಮತ್ತೆ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಶೂಗಳನ್ನು ಸರ್ಕಾರ ಕೊಡಲು ಶುರುಮಾಡಿದ್ದು 2015ರಿಂದೀಚೆಗೆ. 2022ರಲ್ಲಿ ಒಂದು ಜೊತೆ ಶೂ, ಎರಡು ಜೊತೆ ಸಾಕ್ಸಿಗೆಂದು 1ರಿಂದ 5ನೇ ತರಗತಿಯ ಮಗುವಿಗೆ ಗೊತ್ತುಮಾಡಿದ್ದ ಹಣ 265 ರೂಪಾಯಿ, 9 ಮತ್ತು 10ನೇ ತರಗತಿಗೆ 325 ರೂಪಾಯಿ. ಆ ದುಡ್ಡಿಗೆ ನಾಲ್ಕನೇ ಬ್ಲಾಕಿನಲ್ಲಿ ಎಂಥ ಶೂ ಸಿಗುತ್ತದೆ, ನೀವೇ ವಿಚಾರಿಸಿ ನೋಡಿ.

ಉಡುಪಿನ ಮಾತೆತ್ತಿದ ಮೇಲೆ 2022ನ್ನು ದಾಟಿ ಹೋಗುವ ಹಾಗಿಲ್ಲ. ಉಡುಪಿಯ ಸರ್ಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ಹಿಜಾಬ್ ಧರಿಸಿ ತರಗತಿಗೆ ಬರುವ ಬಗ್ಗೆ ಎದ್ದ ತಕರಾರು ಕೆಲವೇ ವಾರಗಳಲ್ಲಿ ರಾಜ್ಯವನ್ನೆಲ್ಲ ವ್ಯಾಪಿಸಿತು. ಎದುರಿಗೆ ಕೇಸರಿ ಶಾಲುಗಳು ಬಂದವು. ಫೆಬ್ರುವರಿ 5ರಂದು ಸರ್ಕಾರ ಸಮವಸ್ತ್ರದ ಆದೇಶ ಹೊರಡಿಸಿತು, ಅದಾದ ಮೂರೇ ದಿನಕ್ಕೆ ಹೈಸ್ಕೂಲು ಕಾಲೇಜುಗಳಿಗೆ ರಜೆ ಕೊಡಬೇಕಾಯಿತು. ಮಾರ್ಚ್ 15ರಂದು ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಸರ್ಕಾರದ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ದಾರಿ ಹಿಡಿದರು. ನ್ಯಾಯಮೂರ್ತಿ ಹೇಮಂತ್ ಗುಪ್ತಾ ಹೈಕೋರ್ಟಿನ ತೀರ್ಪನ್ನು ಒಪ್ಪಿದರು, ನ್ಯಾಯಮೂರ್ತಿ ಸುಧಾಂಶು ಧುಲಿಯಾ ಒಪ್ಪಲಿಲ್ಲ. ಹೆಣ್ಣುಮಗುವಿನ ಓದು ತಮ್ಮ ಮನಸ್ಸಿನಲ್ಲಿ ಎಲ್ಲಕ್ಕಿಂತ ಮೇಲಿತ್ತು ಎಂಬ ಅರ್ಥದ ಮಾತನ್ನು ಧುಲಿಯಾ ಹೇಳಿದರು. ವಿಷಯ ಹೆಚ್ಚು ನ್ಯಾಯಮೂರ್ತಿಗಳ ಪೀಠಕ್ಕೆ ಹೋಗಬೇಕೆಂದಾಯಿತು.

2025ರ ಏಪ್ರಿಲಿನಲ್ಲಿ ಇನ್ನೊಂದು ಪ್ರಕರಣ. ಸಿಇಟಿ ಬರೆಯಲು ಹೋದಾಗ ಜನಿವಾರ ತೆಗೆಯಲು ಒಪ್ಪದ ಬೀದರಿನ ವಿದ್ಯಾರ್ಥಿಯೊಬ್ಬನಿಗೆ ಗಣಿತದ ಪತ್ರಿಕೆ ತಪ್ಪಿಹೋಯಿತು.

ಈ ಎರಡರಲ್ಲೂ ಧರ್ಮದ ಹಕ್ಕು ಎಷ್ಟು, ಸಂಸ್ಥೆಯ ಹಕ್ಕು ಎಷ್ಟು ಎಂದು ಅಳೆಯುವುದು ನ್ಯಾಯಾಲಯದ ಕೆಲಸ. ನನ್ನ ಕಣ್ಣಿಗೆ ಬೀಳುವುದು ಬೇರೆ. ಹಿರಿಯರ ಜಗಳ ಇತ್ಯರ್ಥವಾಗುವ ತನಕ ಮಕ್ಕಳ ಓದನ್ನು ಯಾರೂ ಒತ್ತೆ ಇಡಬಾರದಿತ್ತು. ಹಿಜಾಬಿನ ತಕರಾರಿನಲ್ಲಿ ಪರೀಕ್ಷೆ ಬಿಟ್ಟ ಹುಡುಗಿಯರಿಗೆ ಆ ವರ್ಷವನ್ನು ಯಾವ ತೀರ್ಪೂ ವಾಪಸು ಕೊಡುವುದಿಲ್ಲ.

ನಿಯಮ ಇರಬಹುದು, ಆದರೆ ತರಗತಿಯಿಂದ ದೂರ ಇಡಬಾರದು ಎಂಬ ಮಾತನ್ನು ಜಪಾನಿನ ಒಂದು ನ್ಯಾಯಾಲಯ ಬಹಳ ಸ್ವಾರಸ್ಯವಾಗಿ ಬಿಡಿಸಿ ಹೇಳಿದೆ. ಒಸಾಕಾದ ಒಂದು ಹೈಸ್ಕೂಲಿನಲ್ಲಿ ಎಲ್ಲರ ಕೂದಲೂ ಕಪ್ಪಾಗಿಯೇ ಇರಬೇಕೆಂಬ ನಿಯಮ. ಒಬ್ಬ ಹುಡುಗಿ ತನ್ನ ಕೂದಲು ಹುಟ್ಟಿನಿಂದಲೇ ಕಂದು ಎಂದಳು. ಶಾಲೆ ಬಿಡಲಿಲ್ಲ, ಬಣ್ಣ ಹಾಕಿಸಿಕೊಂಡು ಬಾ ಎಂದು ಪದೇ ಪದೇ ಪೀಡಿಸಿತು. ಕೊನೆಗೆ ಅವಳು ಶಾಲೆಗೆ ಬರುವುದನ್ನೇ ಬಿಟ್ಟಳು. ಶಾಲೆಯವರು ತರಗತಿಯಿಂದ ಅವಳ ಮೇಜು ತೆಗೆಸಿದರು, ಪಟ್ಟಿಯಿಂದ ಹೆಸರನ್ನೂ ತೆಗೆದರು. 2021ರ ಫೆಬ್ರುವರಿಯಲ್ಲಿ ತೀರ್ಪು ಬಂತು. ಕೂದಲಿನ ನಿಯಮ ಮಾಡುವುದು ಶಾಲೆಯ ವಿವೇಚನೆಗೆ ಬಿಟ್ಟದ್ದು ಎಂದು ನ್ಯಾಯಾಲಯ ಒಪ್ಪಿತು. ಆದರೆ ಮೇಜು ತೆಗೆದದ್ದು, ಹೆಸರು ತೆಗೆದದ್ದು ತಪ್ಪು ಎಂದು 3,30,000 ಯೆನ್ ಪರಿಹಾರ ಕೊಡಿಸಿತು. ಮರುವರ್ಷ ಟೋಕಿಯೊ ಮಹಾನಗರದ ಸರ್ಕಾರಿ ಹೈಸ್ಕೂಲುಗಳು ಇಂಥ ಕೂದಲಿನ ನಿಯಮಗಳನ್ನು ಕೈಬಿಟ್ಟವು. ಕೂದಲಿನ ನಿಯಮ ಶಾಲೆಯದು, ಕೂರುವ ಜಾಗ ಮಗುವಿನದು. ನಮ್ಮ ಶಾಲೆಗಳ ಆಡಳಿತ ಮಂಡಳಿಗಳು ಆ ತೀರ್ಪನ್ನು ಓದಬೇಕು.

ನಮ್ಮಲ್ಲಿ ಕೂದಲಿನ ಕಾಟ ಇನ್ನೊಂದು ಬಗೆ. ಹೆಣ್ಣುಮಕ್ಕಳಿಗೆ ಎರಡು ಜಡೆ, ಅದನ್ನು ಮಡಿಚಿ ರಿಬ್ಬನ್ನು. ಗಂಡುಮಕ್ಕಳಿಗೆ ಕಿವಿ ಕಾಣುವ ಕ್ರಾಪು. ಹಬ್ಬದ ಮರುದಿನ ಕೈಯಲ್ಲಿ ಗೋರಂಟಿ ಇದ್ದರೆ ಕೆಲವು ಕಡೆ ದಂಡ, ಹೂ ಮುಡಿದರೆ ತೆಗೆಸುವುದು, ಬಳೆ ಇದ್ದರೆ ಬಿಚ್ಚಿಸುವುದು. ಕೆಲವಕ್ಕೆ ಕಾರಣ ಉಂಟು. ಆಟದ ಮೈದಾನದಲ್ಲಿ ಗಾಜಿನ ಬಳೆ ಒಡೆದು ಕೈ ಕುಯ್ಯುತ್ತದೆ, ಉಗುರು ಉದ್ದವಿದ್ದರೆ ಕೊಳೆ. ಇದನ್ನು ಮಗುವಿಗೆ ಹೇಳಿದರೆ ಮಗು ಒಪ್ಪುತ್ತದೆ. ಗೋರಂಟಿಗೆ ಏನು ಕಾರಣ? ನಾಲ್ಕು ದಿನಕ್ಕೆ ತಾನೇ ಮಾಸಿಹೋಗುವುದರ ಮೇಲೆ ಯುದ್ಧ ಸಾರುವ ಶಾಲೆಗೆ ಕೆಲಸ ಕಡಿಮೆ ಎಂದೇ ನಾನು ತಿಳಿಯುತ್ತೇನೆ.

ಇನ್ನು ನಡವಳಿಕೆ. ಡೈರಿಯ ಮೊದಲ ಪುಟಗಳಲ್ಲಿ ಸಣ್ಣ ಅಕ್ಷರಗಳಲ್ಲಿ ಇಪ್ಪತ್ತು ಮೂವತ್ತು ನಿಯಮಗಳಿರುತ್ತವೆ. ಓಡಬಾರದು, ಕಿರುಚಬಾರದು, ಗೋಡೆಯ ಮೇಲೆ ಬರೆಯಬಾರದು. ಯೂನಿಫಾರಂ ಹಾಕಿಕೊಂಡು ರಸ್ತೆಬದಿಯಲ್ಲಿ ಗೋಬಿ ಮಂಚೂರಿ ತಿನ್ನಬಾರದು ಎಂದು ಅಸೆಂಬ್ಲಿಯಲ್ಲಿ ಹೇಳುವವರೂ ಉಂಟು, ಶಾಲೆಯ ಮರ್ಯಾದೆ ಹೋಗುತ್ತದಂತೆ. (ಗೋಬಿಗೆ ಕೃತಕ ಬಣ್ಣ ಹಾಕುವುದನ್ನು ಸರ್ಕಾರ 2024ರ ಮಾರ್ಚಿನಲ್ಲಿ ನಿಷೇಧಿಸಿದೆ, ಹಾಗಾಗಿ ಈ ನಿಯಮಕ್ಕಿದ್ದ ಒಂದೇ ಒಂದು ಒಳ್ಳೆಯ ಕಾರಣವೂ ಈಗ ಸ್ವಲ್ಪ ದುರ್ಬಲವಾಗಿದೆ.) ಇವನ್ನೆಲ್ಲ ನಕ್ಕು ಬಿಡಬಹುದು. ನಗಲಾರದ ನಿಯಮ ಒಂದಿದೆ. ಶಾಲೆಯ ಆವರಣದಲ್ಲಿ ಇಂಗ್ಲಿಷಿನಲ್ಲೇ ಮಾತನಾಡಬೇಕು ಎಂಬುದು. ಕನ್ನಡದಲ್ಲಿ ಮಾತಾಡಿ ಸಿಕ್ಕಿಬಿದ್ದರೆ ಹೆಸರು ಬರೆದುಕೊಳ್ಳುತ್ತಾರೆ, ದಂಡ ಹಾಕುತ್ತಾರೆ. ಜಾರಿ ಬಿದ್ದು ಮೊಣಕಾಲು ತರಚಿಕೊಂಡ ಮಗು "ಅಮ್ಮಾ" ಎನ್ನುವ ಮುಂಚೆ ಡೈರಿಯನ್ನು ನೆನೆಸಿಕೊಳ್ಳಬೇಕೇ? ರಾಜ್ಯದಲ್ಲಿ 2015ರ ಕನ್ನಡ ಕಲಿಕಾ ಕಾಯ್ದೆ ಇದೆ. ಯಾವ ಪಠ್ಯಕ್ರಮದ ಶಾಲೆಯಾದರೂ ಕನ್ನಡ ಕಲಿಸಬೇಕು ಎನ್ನುತ್ತದೆ ಅದು. ಕಾಯ್ದೆ ಕಲಿಸಿ ಎನ್ನುತ್ತದೆ, ಡೈರಿ ಆಡಬೇಡಿ ಎನ್ನುತ್ತದೆ. ಇಂಥ ನಿಯಮಕ್ಕೆ ಶಿಸ್ತು ಎಂಬ ಹೆಸರು ಸಲ್ಲದು, ಅದು ಮಗುವಿನ ಮನೆಯವರಿಗೆ ಮಾಡುವ ಅವಮಾನ.

ಗೌರವ ಎಂದರೇನು ಎಂಬ ಪ್ರಶ್ನೆಗೆ ನಮ್ಮ ಸುಪ್ರೀಂ ಕೋರ್ಟು 1986ರಲ್ಲೇ ಉತ್ತರ ಕೊಟ್ಟಿದೆ. ಕೇರಳದಲ್ಲಿ ಯೆಹೋವನ ಸಾಕ್ಷಿಗಳು ಎಂಬ ಪಂಗಡದ ಮೂವರು ಒಡಹುಟ್ಟಿದವರು ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ಆದರೆ ಹಾಡುತ್ತಿರಲಿಲ್ಲ. ತಮ್ಮ ನಂಬಿಕೆಗೆ ಅದು ಒಗ್ಗದು ಎಂದರು. ಶಾಲೆ ಹೊರಗೆ ಹಾಕಿತು. ಎದ್ದು ನಿಂತು ಮರ್ಯಾದೆ ತೋರಿದವರು ಹಾಡಲಿಲ್ಲವೆಂದು ಹೊರಹಾಕುವುದು ಸರಿಯಲ್ಲ, ಮತ್ತೆ ಸೇರಿಸಿಕೊಳ್ಳಿ ಎಂದಿತು ನ್ಯಾಯಾಲಯ.

ಹಾಗಾದರೆ ಮಕ್ಕಳು ಏನು ಮಾಡಿದರೂ ಸುಮ್ಮನಿರಬೇಕೇ ಎಂದು ಮೇಷ್ಟ್ರುಗಳು ಕೇಳುತ್ತಾರೆ. ನಲವತ್ತು ಐವತ್ತು ಮಕ್ಕಳ ತರಗತಿಯನ್ನು ಸಂಭಾಳಿಸುವವರ ಪ್ರಶ್ನೆ ಇದು, ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. 2022ರ ನವೆಂಬರಿನಲ್ಲಿ ಬೆಂಗಳೂರಿನ ಕೆಲವು ಖಾಸಗಿ ಶಾಲೆಗಳು ಮೊಬೈಲು ಹುಡುಕಲು ಹೈಸ್ಕೂಲು ಮಕ್ಕಳ ಬ್ಯಾಗು ತೆಗೆದು ನೋಡಿದಾಗ ಮೊಬೈಲಿನ ಜೊತೆಗೆ ಸಿಗರೇಟು, ಗರ್ಭನಿರೋಧಕಗಳೂ ಸಿಕ್ಕವೆಂದು ಪತ್ರಿಕೆಗಳು ಬರೆದವು. ಊರೆಲ್ಲ ಗದ್ದಲವಾಯಿತು. ಆ ಗದ್ದಲದಲ್ಲಿ ಒಂದು ಒಳ್ಳೆಯ ಸುದ್ದಿ ಮುಚ್ಚಿಹೋಯಿತು. ಶಾಲೆಗಳು ಆ ಮಕ್ಕಳನ್ನು ಸಸ್ಪೆಂಡ್ ಮಾಡುವ ಬದಲು ತಂದೆತಾಯಿಗಳನ್ನು ಕರೆಸಿ, ಆಪ್ತಸಮಾಲೋಚನೆ ಕೊಡಿಸಿ ಎಂದು ಹೇಳಿದ್ದವು. ಅಷ್ಟು ದೊಡ್ಡ ವಿಷಯಕ್ಕೆ ಮಾತುಕತೆಯ ದಾರಿ ಹಿಡಿಯಬಲ್ಲ ಶಾಲೆಗೆ ಸಾಕ್ಸಿನ ವಿಷಯದಲ್ಲಿ ಆ ತಾಳ್ಮೆ ಯಾಕಿಲ್ಲ?

ಕಟ್ಟುನಿಟ್ಟು ಬೇಕಾದ ಕಡೆ ಅದನ್ನು ಸಡಿಲ ಬಿಟ್ಟವರು ನಾವೇ. ಬೆಳಿಗ್ಗೆ ಎಂಟರ ಹೊತ್ತಿಗೆ ಬನಶಂಕರಿಯ ಟ್ಯೂಷನ್ ಸೆಂಟರುಗಳ ಮುಂದೆ ನಿಂತು ನೋಡಿ. ಮೀಸೆ ಮೂಡದ ಹುಡುಗರು ಸ್ಕೂಟರಿನಲ್ಲಿ ಮೂವರು ಬರುತ್ತಾರೆ, ಹೆಲ್ಮೆಟ್ಟಿಲ್ಲ. ಕೀಲಿ ಕೊಟ್ಟವರು ಅಪ್ಪ ಅಮ್ಮ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತರು ಗಾಡಿ ಓಡಿಸಿ ತಪ್ಪು ಮಾಡಿದರೆ ಗಾಡಿಯ ಮಾಲೀಕರಿಗೆ, ಪೋಷಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಜಡೆಗೆ ರಿಬ್ಬನ್ನು ಮರೆತ ಹುಡುಗಿ ಹೊರಗೆ ನಿಲ್ಲುತ್ತಾಳೆ, ಸ್ಕೂಟರಿನ ಹುಡುಗ ಪಕ್ಕದ ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಅಚ್ಚುಕಟ್ಟಾದ ಯೂನಿಫಾರಮ್ಮಿನಲ್ಲಿ ಶಾಲೆಯ ಒಳಗೆ ಹೋಗುತ್ತಾನೆ.

ಮಗುವನ್ನು ಹೊಡೆಯುವುದನ್ನಷ್ಟೇ ಕಾನೂನು ತಡೆಯುತ್ತದೆ ಎಂದು ತುಂಬಾ ಜನ ಅಂದುಕೊಂಡಿದ್ದಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ನು ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಇಡೀ ಶಾಲೆಯ ಎದುರು ಒಂದು ಮಗುವನ್ನು ಸಾಲಿನಿಂದ ಎಳೆದು, ಅದರ ಬಟ್ಟೆ ತೋರಿಸಿ ಬೈಯುವುದನ್ನು ಬೇರೆ ಏನೆಂದು ಕರೆಯೋಣ? ಏಳು ವರ್ಷದ ಮಗು ಸಾಕ್ಸು ತಾನೇ ಕೊಂಡುಕೊಳ್ಳುವುದಿಲ್ಲ. ತಪ್ಪಿದ್ದರೆ ನಮ್ಮದು, ಪೋಷಕರದು. ಚೀಟಿ ಬರೆದು ನಮಗೆ ಕಳಿಸಿ, ಮಗುವನ್ನು ಒಳಗೆ ಕೂರಿಸಿ.

ಶಾಲೆಯ ಮುಖ್ಯಸ್ಥರಲ್ಲಿ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರಲ್ಲಿ ಒಂದು ವಿನಂತಿ. ಈ ವರ್ಷದ ಡೈರಿ ಅಚ್ಚಿಗೆ ಹೋಗುವ ಮುಂಚೆ ಪ್ರತಿ ನಿಯಮದ ಎದುರಿಗೂ ಅದರ ಕಾರಣವನ್ನು ಒಂದು ಸಾಲಿನಲ್ಲಿ, ಮಗುವಿಗೆ ತಿಳಿಯುವ ಮಾತಿನಲ್ಲಿ ಬರೆದು ನೋಡಿ. ಬರೆಯಲು ಆಗದ ನಿಯಮವನ್ನು ಹೊಡೆದುಹಾಕಿ. ಉಡುಪು ಸರಿಯಿಲ್ಲದ ಕಾರಣಕ್ಕೆ ಯಾವ ಮಗುವನ್ನೂ ತರಗತಿಯಿಂದ ಹೊರಗೆ ನಿಲ್ಲಿಸುವುದಿಲ್ಲ ಎಂಬ ಸಾಲನ್ನು ಮೊದಲ ಪುಟದಲ್ಲೇ ಹಾಕಿಸಿ. ಪೋಷಕರು ಮೊದಲ ಪೇರೆಂಟ್ಸ್ ಮೀಟಿಂಗಿನಲ್ಲಿ ಅಂಕಗಳ ಮಾತಾಡುವ ಮುಂಚೆ 11ನೇ ನಿಯಮವನ್ನು ವಿನಯದಿಂದಲೇ ಪ್ರಸ್ತಾಪಿಸಿ. ಒಬ್ಬರೇ ಕೇಳಿದರೆ ಮಗುವಿಗೆ ತೊಂದರೆಯಾದೀತೆಂಬ ಅಂಜಿಕೆ ಎಲ್ಲರಿಗೂ ಇರುತ್ತದೆ, ನಾಲ್ಕು ಜನ ಒಟ್ಟಿಗೆ ಕೇಳಿ. ಬೀರುವಿನಲ್ಲಿ ಮಗುವಿಗೆ ಚಿಕ್ಕದಾದ, ಇನ್ನೂ ಗಟ್ಟಿಯಾಗಿರುವ ಯೂನಿಫಾರಂ ಇದ್ದರೆ ಒಗೆದು ಇಸ್ತ್ರಿ ಮಾಡಿ ಈ ಭಾನುವಾರದೊಳಗೆ ಶಾಲೆಯ ಕಚೇರಿಗೆ ಮುಟ್ಟಿಸಿ. ಅದನ್ನು ಯಾರಿಗೆ ಕೊಟ್ಟಿರೆಂದು ಶಾಲೆಯವರನ್ನು ಕೇಳಬೇಡಿ.